ಕೊಡಗಿನಲ್ಲಿ ವೃದ್ಧರ ಗೃಹಪೋಷಣೆಯೂ ಅದರ ಮೇಲ್ವಿಚಾರಣೆಯೂ

ಸಂಸ್ಥೆಗಳನ್ನು ಪರೀಕ್ಷಿಸುವುದು ಆಧುನಿಕ ರಾಜ್ಯಕ್ಕೆ ಸುಲಭವಾದ ಕೆಲಸ. ಶಾಲೆಗೆ ತಪಾಸಣಾಧಿಕಾರಿ ಬರುತ್ತಾನೆ. ಕಾರ್ಖಾನೆಗೆ ಇನ್ಸ್‌ಪೆಕ್ಟರು ಬರುತ್ತಾನೆ. ಸೆರೆಮನೆಗೂ ಆಸ್ಪತ್ರೆಗೂ ಸಂದರ್ಶಕ ಮಂಡಲಿಗಳುಂಟು. ಇವುಗಳಿಗೆಲ್ಲ ಒಂದು ಫಲಕವಿದೆ, ಹಾಜರಿ ಪುಸ್ತಕವಿದೆ, ಬಾಗಿಲು ತೆರೆಯುವ ಗೊತ್ತಾದ ವೇಳೆಯಿದೆ. ಆದರೆ ಪ್ರಾಯ ಸಂದ ತಂದೆಯೊಬ್ಬನು, ಇಲ್ಲವೆ ಹಾಸಿಗೆ ಹಿಡಿದ ವಿಧವೆಯೊಬ್ಬಳು, ತನ್ನ ಮನೆಯಲ್ಲಿಯೇ ಇನ್ನೊಬ್ಬರ ಕೈಯಿಂದ ಅನ್ನವನ್ನೂ ನೀರನ್ನೂ ಔಷಧವನ್ನೂ ಪಡೆಯುತ್ತಿರುವಾಗ, ಆ ಆರೈಕೆಯು ಸರಿಯಾಗಿ ನಡೆಯುತ್ತಿದೆಯೆ ಎಂದು ನೋಡುವವರು ಯಾರು? ಅವರು ಯಾವ ಅಧಿಕಾರದಿಂದ ಹೊಸ್ತಿಲು ದಾಟುತ್ತಾರೆ? ನೋಡಿದುದನ್ನು ಎಲ್ಲಿ ಬರೆದಿಡುತ್ತಾರೆ? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಕೊಡಗಿನ ಚರಿತ್ರೆಯ ಹಿನ್ನೆಲೆಯಲ್ಲಿ ವಿವೇಚಿಸಲು ಉದ್ದೇಶಿಸಿದೆ.

ಕೊಡಗನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಮನೆಯೊಳಗಿನ ಪೋಷಣೆಗೆ ಹೊರಗಿನವನೊಬ್ಬನನ್ನು ಹೊಣೆಯಾಗಿ ನಿಲ್ಲಿಸುವ ಒಂದು ಹಳೆಯ ಪದ್ಧತಿ ಈ ನಾಡಿನಲ್ಲಿ ಉಂಟು. ಮೇಲಾಗಿ, ಎರಡು ಶತಮಾನಗಳೊಳಗೆ ಈ ನಾಡು ಹಾಲೇರಿ ಅರಸರ ಆಳ್ವಿಕೆಯನ್ನೂ, 1834ರಿಂದ ಆಂಗ್ಲರ ಆಡಳಿತವನ್ನೂ, ಸ್ವಾತಂತ್ರ್ಯಾನಂತರ ‘ಸಿ’ ವರ್ಗದ ರಾಜ್ಯವಾಗಿ ತನ್ನದೇ ಮಂತ್ರಿಮಂಡಲವನ್ನೂ, 1956ರ ನವೆಂಬರ್ 1ರಿಂದ ವಿಶಾಲ ಮೈಸೂರು ರಾಜ್ಯದ ಜಿಲ್ಲೆಯ ಸ್ಥಾನವನ್ನೂ ಕಂಡಿತು. ಆದುದರಿಂದ ಒಂದೇ ಮನೆಯ ಬಾಗಿಲಲ್ಲಿ ಬೇರೆ ಬೇರೆ ಶಾಸನಗಳು ಬಂದು ನಿಂತ ಬಗೆಯನ್ನು ಇಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಹೊಸ ಕಾಲದ ಶಾಸನವು ಅಶಕ್ತನ ಆಸ್ತಿಯ ಲೆಕ್ಕವನ್ನು ಕೇಳಿದಷ್ಟು ನಿಷ್ಠೆಯಿಂದ ಅವನ ದೇಹಸ್ಥಿತಿಯ ಲೆಕ್ಕವನ್ನು ಕೇಳಲಿಲ್ಲ. ಮನೆಯ ಬಾಗಿಲವರೆಗೆ ಬಂದು ಅಲ್ಲಿಯೇ ನಿಂತಿತು.

ಹಳೆಯ ವ್ಯವಸ್ಥೆಯನ್ನು ತಿಳಿಯಲು ನಮಗಿರುವ ಆಕರಗಳು ಹಲವು. 1817ರಲ್ಲಿ ಪೂರೈಸಿದ ಕಾನರನ ಸರ್ವೆಯ ವರದಿ, 1855ರಲ್ಲಿ ಪ್ರಕಟವಾದ ಮೋಗ್ಲಿಂಗರ ಗ್ರಂಥ, 1870ರ ರಿಕ್ಟರರ ಕೈಪಿಡಿ ಇವು ಪರದೇಶೀಯರು ಬರೆದುವು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ಯು ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ, ಒಳಗಿನವರು ಬರೆದ ದಾಖಲೆ. ಎಂ. ಎನ್. ಶ್ರೀನಿವಾಸರ ಕೊಡಗಿನ ಅಧ್ಯಯನವು 1952ರಲ್ಲಿ ಬಂದಿತು. ಚಿಣ್ಣಪ್ಪನವರು ಪೊಲೀಸು ಇಲಾಖೆಯಲ್ಲಿ ಸೇವೆ ಸಲ್ಲಿಸಿದವರೆಂಬುದನ್ನು ಇಲ್ಲಿ ನೆನೆಯಬಹುದು. ಮನೆಮನೆಯ ಕಟ್ಟಳೆಗಳನ್ನು ಅಷ್ಟು ವಿವರವಾಗಿ ಬರೆದಿಟ್ಟವರು ಅಧಿಕಾರದ ಕೆಲಸದಲ್ಲಿದ್ದವರೇ ಎಂಬುದು ನಮ್ಮ ವಿಷಯಕ್ಕೆ ಸಂಬಂಧವಿಲ್ಲದ ಮಾತೇನಲ್ಲ.

ಕೊಡವ ಸಮಾಜದ ಮೂಲ ಘಟಕ ಒಕ್ಕ. ಒಬ್ಬ ಮೂಲ ಪುರುಷನಿಂದ ಇಳಿದುಬಂದ ಗಂಡು ಸಂತತಿಯವರೂ, ಅವರ ಪತ್ನಿಯರೂ, ಮದುವೆಯಾಗದ ಹೆಣ್ಣುಮಕ್ಕಳೂ ಸೇರಿ ಒಂದು ಒಕ್ಕ. ಅದರ ನೆಲೆ ಐನ್‌ಮನೆ. ಈ ಮನೆಯ ಮುಂಭಾಗದ ಕಯ್ಯಾಲೆಯಲ್ಲಿ ಕಂಬಗಳ ನಡುವೆ ಐಮರವೆಂಬ ಅಗಲವಾದ ಮರದ ಹಲಗೆಯುಂಟು. ಅದು ಹಿರಿಯರು ಕುಳಿತುಕೊಳ್ಳುವ ಸ್ಥಾನ. ಒಳಗೆ ನೆಲ್ಲಕ್ಕಿ ನಡುಬಾಡೆಯಲ್ಲಿ ತೂಗುದೀಪ. ಹೊರಗೆ ಗತಿಸಿದ ಹಿರಿಯರಿಗಾಗಿ ಕೈಮಡ. ಮನೆಯ ಈ ರಚನೆಯನ್ನು ಶಿಲ್ಪದೃಷ್ಟಿಯಿಂದ ಮೆಚ್ಚಿದವರು ಹಲವರಿದ್ದಾರೆ. ಚರಿತ್ರೆಯ ದೃಷ್ಟಿಯಿಂದ ನಮಗೆ ಮುಖ್ಯವಾದದ್ದು ಬೇರೆ. ಐಮರದ ಮೇಲೆ ಕುಳಿತ ವೃದ್ಧನು ಗದ್ದೆಯ ಕಡೆಯಿಂದ ಬರುವವರಿಗೆಲ್ಲ ಕಾಣುತ್ತಿದ್ದನು. ಅವನು ಹತ್ತು ದಿನ ಅಲ್ಲಿ ಕಾಣದಿದ್ದರೆ ಏಕೆಂದು ಕೇಳುವವರಿದ್ದರು. ಬಹು ಜನರ ಕಣ್ಣಿಗೆ ಬೀಳುವುದೇ ಒಂದು ಬಗೆಯ ಮೇಲ್ವಿಚಾರಣೆ. ಅದಕ್ಕೆ ಬರವಣಿಗೆಯ ಅಗತ್ಯವಿರಲಿಲ್ಲ.

ಒಕ್ಕದ ವ್ಯವಹಾರವನ್ನು ನೋಡುವವನು ಪಟ್ಟೆದಾರ. ಗದ್ದೆಯ ಹಂಚಿಕೆ, ಕಂದಾಯ, ಮದುವೆ, ಕಾರಣರಿಗೆ ಸಲ್ಲಬೇಕಾದ ಕಾರ್ಯ, ವಿಧವೆಯರ ಮತ್ತು ಅಶಕ್ತರ ಪೋಷಣೆ ಇವು ಅವನ ಹೊಣೆ. ಪಟ್ಟೆದಾರನೇ ಅನ್ಯಾಯ ಮಾಡಿದರೆ? ಒಕ್ಕದ ಉಳಿದ ಹಿರಿಯರು ಕೇಳಬಹುದಾಗಿತ್ತು. ಊರಿನ ತಕ್ಕರು, ನಾಡಿನ ತಕ್ಕರು ಕೇಳಬಹುದಾಗಿತ್ತು. ಆದರೆ ಇವೆಲ್ಲ ದೂರು ಹೊರಬಿದ್ದ ಮೇಲಿನ ಮಾತು. ದೂರಿಗೆ ಮುಂಚೆಯೇ ಹೊಣೆಯನ್ನು ಗೊತ್ತುಮಾಡುವ ಪದ್ಧತಿಯೊಂದು ಇದೆ. ಅದೇ ಅರುವನ ಪದ್ಧತಿ.

ಅರುವನೆಂದರೆ ಒಕ್ಕಕ್ಕೆ ಸೇರದ, ಬೇರೆ ಒಕ್ಕದಿಂದ ಬಂದ, ಆದರೆ ಈ ಒಕ್ಕದ ಪರವಾಗಿ ಮಾತನಾಡುವ ಹಕ್ಕುಳ್ಳ ವ್ಯಕ್ತಿ. ಒಕ್ಕ ಒಕ್ಕಗಳ ನಡುವೆ ಈ ಅರುವಿನ ಸಂಬಂಧವು ತಲೆಮಾರುಗಳಿಂದ ನಡೆದುಬಂದಿರುತ್ತದೆ. ಮದುವೆಯಲ್ಲಿ ‘ಸಂಬಂಧ’ ಕೊಡುವ ಶಾಸ್ತ್ರದಲ್ಲಿ ಎರಡು ಕಡೆಯ ಅರುವರೂ ಎದುರುಬದುರು ನಿಂತು ಸಂವಾದ ನಡೆಸುತ್ತಾರೆ. ಹೆಣ್ಣಿನ ಕಡೆಯ ಅರುವನು ಹೊಸ ಮನೆಯ ಹೊಲ, ಗದ್ದೆ, ಕೊಟ್ಟಿಗೆ, ಕಣಜಗಳಲ್ಲಿ ಅವಳಿಗೆ ಹಕ್ಕನ್ನು ಕೊಟ್ಟಿರೆ ಎಂದು ಒಂದೊಂದಾಗಿ ಕೇಳುತ್ತಾನೆ. ಗಂಡಿನ ಕಡೆಯ ಅರುವನು ಒಪ್ಪುತ್ತಾನೆ. ಮುಂದೆ ಅವಳಿಗೆ ಆ ಮನೆಯಲ್ಲಿ ಕಷ್ಟವಾದರೆ ಉತ್ತರ ಹೇಳುವವರು ಯಾರು ಎಂಬ ಅರ್ಥದ ಪ್ರಶ್ನೆಯೂ ಬರುತ್ತದೆ. ತಾನೇ ಎಂದು ಗಂಡಿನ ಕಡೆಯ ಅರುವನು ಹೊಣೆ ಹೊರುತ್ತಾನೆ. ಇದರ ಗುರುತಾಗಿ ಸಣ್ಣ ಕಲ್ಲುಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತವೆ. ನಾಡು ನಾಡಿಗೆ ಮಾತಿನ ಪಾಠದಲ್ಲಿ ಭೇದವಿರಬಹುದು. ಆದರೆ ತತ್ತ್ವವು ಒಂದೇ. ಮನೆಯೊಳಗೆ ಹೋಗುವ ವ್ಯಕ್ತಿಯ ಪೋಷಣೆಗೆ ಮನೆಯವನಲ್ಲದ ಒಬ್ಬನು ಸಭೆಯ ಮುಂದೆ, ಹೆಸರು ಹಿಡಿದು, ಜಾಮೀನಾಗಿ ನಿಲ್ಲುತ್ತಾನೆ.

ಇದನ್ನು ಕೇವಲ ಮದುವೆಯ ಶಾಸ್ತ್ರವೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲವೆಂದು ನಮಗೆ ತೋರುತ್ತದೆ. ಅಂದಿನ ವಧುವೇ ಮುಂದೆ ಆ ಮನೆಯ ವಿಧವೆ, ಆ ಮನೆಯ ಮುದುಕಿ. ಅವಳ ಸಂಬಂಧದ ಹಕ್ಕು ಮದುವೆಯ ದಿನಕ್ಕೆ ಮುಗಿಯುವುದಲ್ಲ. ಗಂಡನು ಸತ್ತ ಬಳಿಕವೂ ಅವಳ ಅನ್ನಕ್ಕೂ ನೆರಳಿಗೂ ಆಧಾರವಾದುದು ಅದೇ. ಅರುವನು ಸಾವಿನ ಕಾರ್ಯದಲ್ಲಿಯೂ ಉಪಸ್ಥಿತನಿರಬೇಕಾದವನು. ಹೀಗೆ ಹೊಸ್ತಿಲು ದಾಟಿ ಬರಲು ಅವನಿಗೆ ಸಂದರ್ಭಗಳು ಬೇಕಾದಷ್ಟಿದ್ದವು. ತಪಾಸಣೆಯೆಂಬ ಹೆಸರಿಲ್ಲದೆ, ನೆಂಟನ ಮರ್ಯಾದೆಯಲ್ಲಿ ಅವನು ಬರುತ್ತಿದ್ದನು, ಉಣ್ಣುತ್ತಿದ್ದನು, ಕಾಣುತ್ತಿದ್ದನು.

ಆದರೆ ಈ ಚಿತ್ರವನ್ನು ಇಷ್ಟಕ್ಕೇ ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ, ಹೊಗಳಿಕೆಯಾಗುತ್ತದೆ. ಒಕ್ಕದ ಗದ್ದೆಯಲ್ಲಿ ದುಡಿದವರಿಗೆ ಅರುವನಿರಲಿಲ್ಲ. ಭೂಮಿ ಜಮ್ಮದ ಹೊಲೆಯರು, ಒಕ್ಕಲು ಜಮ್ಮದ ಹೊಲೆಯರು ಎಂಬ ಎರಡು ವರ್ಗಗಳನ್ನು ರಿಕ್ಟರರು ಗುರುತಿಸಿದ್ದಾರೆ. ಮೊದಲನೆಯವರು ನೆಲದೊಂದಿಗೆ ಸೇರಿದವರು, ಎರಡನೆಯವರು ಮನೆಯೊಂದಿಗೆ ಸೇರಿದವರು. ಯರವರ ಪಾಡೂ ಇದಕ್ಕಿಂತ ಮೇಲಾಗಿರಲಿಲ್ಲ. ದುಡಿಯುವ ಶಕ್ತಿ ಕುಂದಿದ ಮೇಲೆ ಇವರ ಮುದುಕರನ್ನು ಒಡೆಯನ ಮನೆಯು ಸಾಕಿತೆ ಬಿಟ್ಟಿತೆ ಎಂಬುದು ಒಡೆಯನ ಮನಸ್ಸಿಗೆ ಸೇರಿದ ವಿಷಯ. 1843ರ ಶಾಸನವು ದಾಸ್ಯಕ್ಕೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಆದರೆ ಕೆಲಸಕ್ಕೆ ಬಾರದ ಮುದಿ ಆಳಿನ ಗುಡಿಸಲನ್ನು ಯಾರು ನೋಡಬೇಕೆಂದು ಅದು ಹೇಳಲಿಲ್ಲ. ಹಳೆಯ ಮೇಲ್ವಿಚಾರಣೆಯು ಸಮಾನರು ಸಮಾನರ ಮೇಲೆ ನಡೆಸಿದ ಮೇಲ್ವಿಚಾರಣೆ. ಅದರ ಬಲವೂ ದೋಷವೂ ಅದರಲ್ಲಿಯೇ ಇದ್ದುವು.

ಆಂಗ್ಲರು ಬಂದ ಮೇಲೆ ಪಟ್ಟೆದಾರನ ಸ್ವರೂಪ ಬದಲಾಯಿತು. ಜಮ್ಮಾ ಭೂಮಿಯ ಕಂದಾಯವು ಸಾಗು ಭೂಮಿಯ ಕಂದಾಯದ ಅರ್ಧದಷ್ಟು; ಅದನ್ನು ಸರ್ಕಾರದ ಅಪ್ಪಣೆಯಿಲ್ಲದೆ ಪರಾಧೀನ ಮಾಡುವಂತಿರಲಿಲ್ಲ. ಅದು ಒಕ್ಕದ ಭೂಮಿಯಾದರೂ ದಾಖಲೆಯಲ್ಲಿ ಪಟ್ಟೆದಾರನ ಹೆಸರು. 1899ರ ಕೊಡಗಿನ ಭೂಕಂದಾಯ ಶಾಸನವು ಈ ಸ್ಥಿತಿಯನ್ನು ಕ್ರಮಬದ್ಧಗೊಳಿಸಿತು. ಒಕ್ಕದ ಹಿರಿಯನಾಗಿದ್ದವನು ಸರ್ಕಾರದ ದೃಷ್ಟಿಯಲ್ಲಿ ಕಂದಾಯ ಕೊಡುವವನಾದನು. ಪಾರುಪತ್ಯಗಾರನೂ ಸುಬೇದಾರನೂ ಅವನನ್ನು ಕೇಳುತ್ತಿದ್ದುದು ಗದ್ದೆಯ ವಿಷಯ, ಬಾಣೆಯ ವಿಷಯ, ಬಾಕಿಯ ವಿಷಯ. ಮನೆಯಲ್ಲಿ ಎಷ್ಟು ವಿಧವೆಯರಿದ್ದಾರೆ, ಅವರು ಉಂಡರೆ ಎಂದು ಕೇಳುವ ಕಾಗದವು ಕಚೇರಿಯಲ್ಲಿ ಇರಲಿಲ್ಲ. ಪೋಷಣೆಯ ಪ್ರಶ್ನೆಯು ನ್ಯಾಯಾಲಯಕ್ಕೆ ಬಂದರೆ ಅದು ಹಣದ ದಾವೆಯಾಗಿ ಬರಬೇಕಾಗಿತ್ತು.

ಈ ಮನೋಭಾವವು ಅತ್ಯಂತ ಸ್ಪಷ್ಟವಾಗಿ ಮೂಡಿದುದು 1912ರ ಭಾರತೀಯ ಬುದ್ಧಿಭ್ರಮಣೆಯ ಕಾಯಿದೆಯಲ್ಲಿ. ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದ ಕೊಡಗಿಗೂ ಅದು ಅನ್ವಯಿಸುತ್ತಿತ್ತು. ಬುದ್ಧಿಸ್ವಾಧೀನವಿಲ್ಲದೆ ತನ್ನನ್ನೂ ತನ್ನ ವ್ಯವಹಾರವನ್ನೂ ನೋಡಿಕೊಳ್ಳಲಾರದ ವ್ಯಕ್ತಿಯ ವಿಷಯದಲ್ಲಿ ಜಿಲ್ಲಾ ನ್ಯಾಯಾಲಯವು ವಿಚಾರಣೆ ನಡೆಸಿ, ಆಸ್ತಿಗೆ ಒಬ್ಬ ವ್ಯವಸ್ಥಾಪಕನನ್ನೂ ದೇಹಕ್ಕೆ ಒಬ್ಬ ಪಾಲಕನನ್ನೂ ನೇಮಿಸಬಹುದಾಗಿತ್ತು. ವಾರ್ಧಕ್ಯದಿಂದ ಬುದ್ಧಿ ಮಂಕಾದವರೂ ಈ ವಿವರಣೆಯೊಳಗೆ ಬರಬಹುದಾಗಿತ್ತು. ವ್ಯವಸ್ಥಾಪಕನು ಆರು ತಿಂಗಳೊಳಗೆ ಸ್ಥಿರಾಸ್ತಿ ಚರಾಸ್ತಿಗಳ ಪಟ್ಟಿಯನ್ನು ಒಪ್ಪಿಸಬೇಕು. ಅನಂತರ ವರ್ಷವರ್ಷವೂ ಲೆಕ್ಕ ಕೊಡಬೇಕು. ಲೆಕ್ಕವು ತಪ್ಪಿದ್ದರೆ ನೆಂಟರು ದಾವೆ ಹೂಡಬಹುದು. ಆಶ್ರಮದಲ್ಲಿ ಇರಿಸಿದ ರೋಗಿಗಾದರೆ ಸಂದರ್ಶಕರಿದ್ದರು. ಅವರ ಸಂಖ್ಯೆ ಮೂವರಿಗೆ ಕಡಮೆಯಿರಕೂಡದು, ಒಬ್ಬನಾದರೂ ವೈದ್ಯಾಧಿಕಾರಿಯಾಗಿರಬೇಕು, ತಿಂಗಳಿಗೊಮ್ಮೆಯಾದರೂ ಇಬ್ಬರು ಕೂಡಿ ಎಲ್ಲ ಭಾಗವನ್ನೂ ನೋಡಬೇಕು. ಆದರೆ ಮನೆಯಲ್ಲಿ ಪಾಲಕನ ವಶದಲ್ಲಿದ್ದವನನ್ನು ನೋಡಲು ತಿಂಗಳಿಗೊಮ್ಮೆ ಹೋಗುವವರಿರಲಿಲ್ಲ. ಅವನ ಗದ್ದೆಯ ಭತ್ತಕ್ಕೆ ವಾರ್ಷಿಕ ಲೆಕ್ಕವುಂಟು. ಅವನ ಬೆನ್ನಿನ ಹುಣ್ಣಿಗೆ ಇಲ್ಲ.

ಅದೇ ಕಾಯಿದೆಯಲ್ಲಿ ವಿವೇಕದ ಮಾತೊಂದು ಇತ್ತೆಂಬುದನ್ನೂ ಹೇಳಬೇಕು. ಯಾರು ಸತ್ತರೆ ತನಗೆ ಆಸ್ತಿ ಬರುವುದೋ ಅವರ ದೇಹಕ್ಕೆ ಆ ವಾರಸುದಾರನನ್ನೇ ಪಾಲಕನನ್ನಾಗಿ ಸಾಮಾನ್ಯವಾಗಿ ನೇಮಿಸಬಾರದು ಎಂಬ ನಿರ್ಬಂಧವದು. 1858ರ ಹಿಂದಿನ ಶಾಸನದಿಂದಲೇ ಈ ಎಚ್ಚರ ನಡೆದುಬಂದಿತ್ತು. ಪೋಷಿಸುವವನೂ ಪೋಷಣೆಯು ನಿಂತರೆ ಲಾಭ ಪಡೆಯುವವನೂ ಒಬ್ಬನೇ ಆಗಬಾರದೆಂಬ ಈ ತತ್ತ್ವವೂ, ಒಕ್ಕದ ಆಸ್ತಿಯಲ್ಲಿ ಪಾಲಿಲ್ಲದ ಅರುವನನ್ನು ಹೊಣೆಗಾರನಾಗಿ ಮಾಡಿದ ಕೊಡಗಿನ ಪದ್ಧತಿಯೂ ಒಂದೇ ಅನುಭವದಿಂದ ಹುಟ್ಟಿದುವೆಂದು ಊಹಿಸಬಹುದು. ಮುಂದಿನ ಶಾಸನಗಳಲ್ಲಿ ಈ ಎಚ್ಚರವು ಕ್ರಮೇಣ ಮರೆಯಾದುದು ಶೋಚನೀಯ.

1854ರಲ್ಲಿ ಮಡಿಕೇರಿಯ ಬಳಿ ಫೌಲರನು ಕಾಫಿ ತೋಟವನ್ನು ಆರಂಭಿಸಿದ ಬಳಿಕ ಕೊಡಗಿನಲ್ಲಿ ಹೊಸ ಬಗೆಯ ಮನೆಗಳು ಎದ್ದುವು. ತೋಟದ ಬಂಗಲೆಯೊಂದು, ಕೂಲಿಗಳ ಲೈನುಮನೆಗಳು ಇನ್ನೊಂದು. ವಿಚಿತ್ರವೆಂದರೆ, ಖಾಸಗಿ ವಾಸಸ್ಥಾನವೊಂದರ ಒಳಸ್ಥಿತಿಯನ್ನು ನೋಡಲು ರಾಜ್ಯವು ಇನ್ಸ್‌ಪೆಕ್ಟರನನ್ನು ಕಳುಹಿಸಿದ್ದು ಈ ಲೈನುಮನೆಗಳಿಗೆ. 1951ರ ತೋಟ ಕಾರ್ಮಿಕರ ಕಾಯಿದೆಯಂತೆ ಮಾಲೀಕನು ಕಾರ್ಮಿಕನಿಗೂ ಅವನ ಕುಟುಂಬಕ್ಕೂ ವಸತಿ ಒದಗಿಸಬೇಕಾಗಿತ್ತು, ವೈದ್ಯಸಹಾಯ ಒದಗಿಸಬೇಕಾಗಿತ್ತು. ಕುಟುಂಬವೆಂಬುದರಲ್ಲಿ ಕಾರ್ಮಿಕನನ್ನು ಅವಲಂಬಿಸಿದ ತಂದೆತಾಯಿಗಳೂ ಸೇರುತ್ತಿದ್ದರು. ಮೊದಲು 25 ಎಕರೆಗೂ 30 ಆಳುಗಳಿಗೂ ಕಡಮೆಯಿಲ್ಲದ ತೋಟಗಳಿಗೆ, 1981ರ ತಿದ್ದುಪಡಿಯ ತರುವಾಯ 5 ಹೆಕ್ಟೇರು ಮತ್ತು 15 ಆಳುಗಳ ತೋಟಗಳಿಗೆ ಅದು ಅನ್ವಯಿಸಿತು. ಇನ್ಸ್‌ಪೆಕ್ಟರನು ಗೋಡೆಯನ್ನೂ ಮಾಡನ್ನೂ ನೀರಿನ ನಲ್ಲಿಯನ್ನೂ ನೋಡಬಹುದಾಗಿತ್ತು. ಆ ಮಾಡಿನ ಕೆಳಗೆ ಮಲಗಿದ ಮುದುಕಿಗೆ ಮಗ್ಗುಲು ಬದಲಿಸುವವರುಂಟೆ ಎಂಬುದು ಅವನ ನಮೂನೆಯಲ್ಲಿ ಬರುವ ವಿಷಯವಲ್ಲ. ಕೊಡಗಿನಲ್ಲಿ ಚಿಕ್ಕ ಹಿಡುವಳಿಯ ತೋಟಗಳೇ ಹೆಚ್ಚಾದುದರಿಂದ ಹಲವು ಮನೆಗಳು ಈ ಮಿತಿಯ ಹೊರಗೆ ಉಳಿದುವು. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯು ಅನಂತರ ಈ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡಿತು.

ಸ್ವತಂತ್ರ ಭಾರತದ ಶಾಸನಗಳಿಗೆ ಬರೋಣ. 1956ರ ಹಿಂದೂ ದತ್ತಕ ಮತ್ತು ಪೋಷಣೆಯ ಕಾಯಿದೆಯು ಮಗನಿಗೂ ಮಗಳಿಗೂ ವೃದ್ಧ ತಂದೆತಾಯಿಗಳನ್ನು ಸಾಕುವ ಹೊಣೆಯನ್ನು ಹೊರಿಸಿತು. 1898ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಹೆಂಡತಿ ಮಕ್ಕಳಿಗೆ ಮಾತ್ರವಿದ್ದ ಜೀವನಾಂಶದ ಹಕ್ಕು 1973ರ ಸಂಹಿತೆಯಲ್ಲಿ ತಂದೆತಾಯಿಗಳಿಗೂ ದೊರೆಯಿತು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯಿದೆಯು ಇದಕ್ಕಾಗಿ ಉಪವಿಭಾಗಾಧಿಕಾರಿಯ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಲಿಯನ್ನು ಸ್ಥಾಪಿಸಿತು. ಕೊಡಗಿನಲ್ಲಿ ಈ ಅಧಿಕಾರ ಮಡಿಕೇರಿಯ ಉಪವಿಭಾಗಾಧಿಕಾರಿಯದು. ವಕೀಲರ ಅಗತ್ಯವಿಲ್ಲ, ನೋಟೀಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ, ಮಾಸಾಶನದ ಗರಿಷ್ಠ ಮಿತಿ 10,000 ರೂಪಾಯಿ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಬರೆದುಕೊಟ್ಟು ವಂಚಿತರಾದವರು 23ನೆಯ ಕಲಮಿನಂತೆ ಆ ದಾನಪತ್ರವನ್ನು ರದ್ದುಮಾಡಿಸಬಹುದು. ಈ ಕಲಮನ್ನು ವೃದ್ಧರ ಹಿತಕ್ಕೆ ಅನುಗುಣವಾಗಿ ಉದಾರವಾಗಿ ಅರ್ಥೈಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಜನವರಿಯಲ್ಲಿ ಹೇಳಿತು.

ಈ ಕಾಯಿದೆಯಿಂದ ಅನೇಕರಿಗೆ ಉಪಕಾರವಾಗಿದೆಯೆಂಬುದು ನಿರ್ವಿವಾದ. ಆದರೆ ಅದರ ನಡೆಯನ್ನು ಗಮನಿಸಿರಿ. ಅರ್ಜಿ ಬರಬೇಕು, ಎದುರು ಕಕ್ಷಿಯನ್ನು ಕರೆಸಬೇಕು, ಮೊತ್ತವನ್ನು ಗೊತ್ತುಮಾಡಬೇಕು. ಅರ್ಜಿಯನ್ನು ಬರೆಯಲಾರದಷ್ಟು ಅಶಕ್ತರಾದವರು, ಬರೆದರೆ ಇರುವ ಒಬ್ಬ ಆಸರೆಯೂ ಹೋದೀತೆಂದು ಹೆದರುವವರು ಈ ದಾರಿಯಲ್ಲಿ ಬರುವುದಿಲ್ಲ. ಸ್ವಯಂಪ್ರೇರಣೆಯಿಂದ ವಿಚಾರಣೆ ಕೈಕೊಳ್ಳುವ ಅಧಿಕಾರವು ನ್ಯಾಯಮಂಡಲಿಗೆ ಉಂಟಾದರೂ, ನೋಡದ ಮನೆಯ ವಿಷಯದಲ್ಲಿ ಪ್ರೇರಣೆ ಹುಟ್ಟುವುದು ಹೇಗೆ? ಪೋಷಣೆಯೆಂದರೆ ಅನ್ನ, ಬಟ್ಟೆ, ವಸತಿ, ವೈದ್ಯಸಹಾಯ ಎಂದು ಕಾಯಿದೆಯು ವಿವರಿಸಿದೆ. ಇವುಗಳನ್ನು ಹಣದಿಂದ ಕೊಳ್ಳಬಹುದು. ಕೊಂಡ ಮೇಲೆ ಕೈಗೆ ತಲುಪಿದುವೆ ಎಂದು ನೋಡುವುದು ಬೇರೆಯ ಕೆಲಸ.

2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆಯಲ್ಲಿ ಬಾಗಿಲ ಗೆರೆಯನ್ನು ಅಕ್ಷರದಲ್ಲಿಯೇ ಎಳೆಯಲಾಗಿದೆ. ರೋಗಿಗಳನ್ನು ಇರಿಸಿಕೊಳ್ಳುವ ಸಂಸ್ಥೆಗಳು ನೋಂದಣಿಯಾಗಬೇಕು, ಪರಿಶೀಲನೆಗೆ ಒಳಪಡಬೇಕು; ಆದರೆ ರೋಗಿಯು ನೆಂಟರೊಡನೆ ಅಥವಾ ಸ್ನೇಹಿತರೊಡನೆ ವಾಸಿಸುವ ಕುಟುಂಬದ ಮನೆಯು ‘ಸಂಸ್ಥೆ’ಯಲ್ಲವೆಂದು ವ್ಯಾಖ್ಯೆಯೇ ಹೇಳುತ್ತದೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಪ್ರತಿ ಮನೆಗೂ ಸರ್ಕಾರಿ ನೌಕರನು ನುಗ್ಗುವ ರಾಜ್ಯವು ಯಾರಿಗೂ ಬೇಕಾದುದಲ್ಲ. ಆದರೆ ಗೆರೆಯ ಈಚೆ ಏನಿದೆಯೆಂಬುದನ್ನು ವಿದ್ಯಾರ್ಥಿಗಳು ಅರಿತಿರಬೇಕು.

ಇಂಗ್ಲೆಂಡಿನ ಚರಿತ್ರೆಯು ಇಲ್ಲಿ ಸ್ವಲ್ಪ ಬೆಳಕು ಕೊಡುತ್ತದೆ. 1887ರಲ್ಲಿ ವಿಕ್ಟೋರಿಯಾ ರಾಣಿಯ ಜ್ಯುಬಿಲಿಯ ನಿಧಿಯಿಂದ ಏರ್ಪಟ್ಟ ಶುಶ್ರೂಷಾ ಸಂಸ್ಥೆಯು ಬಡವರ ಮನೆಗಳಿಗೆ ದಾದಿಯರನ್ನು ಕಳುಹಿಸಿತು. ಅದರ ತಪಾಸಣಾಧಿಕಾರಿಣಿಯರು ದಾದಿಯರ ಜೊತೆಯಲ್ಲಿಯೇ ರೋಗಿಗಳ ಮನೆಗೆ ಹೋಗಿ ಕೆಲಸವನ್ನು ಕಣ್ಣಾರೆ ನೋಡುತ್ತಿದ್ದರು. ಇದು ಸರ್ಕಾರದ ತಪಾಸಣೆಯಲ್ಲ, ವೃತ್ತಿಯ ಹಿರಿಯರು ಕಿರಿಯರನ್ನು ನೋಡಿದ ಬಗೆ. 1948ರ ರಾಷ್ಟ್ರೀಯ ಸಹಾಯದ ಶಾಸನವು ವೃದ್ಧಾಶ್ರಮಗಳ ನೋಂದಣಿಯನ್ನೂ ತಪಾಸಣೆಯನ್ನೂ ವಿಧಿಸಿತು. ಮನೆಗೆ ಹೋಗಿ ಆರೈಕೆ ಮಾಡುವ ಸಂಸ್ಥೆಗಳು ಹೊರಗಿನ ತಪಾಸಣೆಗೆ ಒಳಗಾದುದು 2000ದ ಶಾಸನದ ಫಲವಾಗಿ, 2003ರಿಂದ. ಅಂದರೆ ಆಶ್ರಮದಿಂದ ಮನೆಗೆ ಬರಲು ಆ ದೇಶದ ತಪಾಸಣೆಗೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು. 2009ರಿಂದ ಈ ಕೆಲಸವನ್ನು ನಡೆಸುತ್ತಿರುವ ಆರೈಕೆಯ ಗುಣಮಟ್ಟದ ಆಯೋಗವು ಹೆಚ್ಚಾಗಿ ಸಂಸ್ಥೆಯ ಕಚೇರಿಯಲ್ಲಿ ದಾಖಲೆಗಳನ್ನು ನೋಡುತ್ತದೆ, ಆರೈಕೆ ಪಡೆಯುವವರನ್ನು ಮಾತನಾಡಿಸುತ್ತದೆ. ಅವರ ಒಪ್ಪಿಗೆಯಿದ್ದರೆ ಮಾತ್ರ ಮನೆಗೆ ಹೋಗುತ್ತದೆ. ಒಪ್ಪಿಗೆಯೆಂಬ ಈ ಷರತ್ತು ನಮ್ಮ ಅರುವನ ನೆಂಟಸ್ತಿಕೆಗೆ ದೂರದ ಸಂಬಂಧಿ.

ನಮ್ಮಲ್ಲಿ ವೃತ್ತಿಯ ಹಿರಿಯರು ಕಿರಿಯರನ್ನು ನೋಡುವ ಏರ್ಪಾಡು ಇಲ್ಲದಿಲ್ಲ. ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ, ಆರು ಉಪಕೇಂದ್ರಗಳ ಕಾರ್ಯಕರ್ತೆಯರಿಗೆ ಒಬ್ಬಳು ಮೇಲ್ವಿಚಾರಕಿ ಎಂಬುದು ಸರ್ಕಾರದ ಗೊತ್ತುವಳಿ. ಈ ವ್ಯವಸ್ಥೆಯು ತಾಯಿ ಮಕ್ಕಳಿಗಾಗಿ ಹುಟ್ಟಿದುದು. 2010–11ರಲ್ಲಿ 100 ಜಿಲ್ಲೆಗಳಿಂದ ಆರಂಭಿಸಿದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವು ಹಾಸಿಗೆ ಹಿಡಿದವರ ಮನೆಗೆ ಭೇಟಿಯನ್ನೂ, ಮನೆಯವರಿಗೆ ಶುಶ್ರೂಷೆಯ ತರಬೇತಿಯನ್ನೂ ಅವರ ಕೆಲಸಕ್ಕೆ ಸೇರಿಸಿತು. ಲಸಿಕೆಯ ಪುಸ್ತಕದಲ್ಲಿ ಮಗುವಿನ ಹೆಸರು ತಪ್ಪದೆ ಇರುತ್ತದೆ. ಅಜ್ಜಿಯ ಹೆಸರಿಗೂ ಅಂತಹ ಪುಟ ದೊರೆತ ದಿನ ಈ ಏರ್ಪಾಡು ಪೂರ್ತಿಯಾಗುವುದು.

ಇಷ್ಟರಲ್ಲಿ ಕೊಡಗಿನ ಮನೆಯು ಬದಲಾಗಿದೆ. ಒಕ್ಕದವರು ಬೇರೆ ಬೇರೆ ತೋಟಗಳಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಐನ್‌ಮನೆಗೆ ಎಲ್ಲರೂ ಕೂಡುವುದು ಹಬ್ಬಕ್ಕೆ, ಕಾರಣರ ಕಾರ್ಯಕ್ಕೆ. ಮಕ್ಕಳು ಸೈನ್ಯದಲ್ಲಿ, ಬೆಂಗಳೂರಿನಲ್ಲಿ, ಸಮುದ್ರದಾಚೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 5,54,519; ಹಿಂದಿನ ದಶಕಕ್ಕೆ ಹೋಲಿಸಿದರೆ ನೂರಕ್ಕೆ ಒಂದರಷ್ಟೇ ಏರಿಕೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಉಳಿದವರು ಮುದುಕ ಮುದುಕಿಯರು. ನಿವೃತ್ತ ಯೋಧನು ಪ್ರತಿ ವರ್ಷ ಪಿಂಚಣಿಗಾಗಿ ತಾನು ಬದುಕಿದ್ದೇನೆಂಬ ಪ್ರಮಾಣಪತ್ರವನ್ನು ಒಪ್ಪಿಸುತ್ತಾನೆ. ಬದುಕಿದ್ದಾನೆಯೆ ಎಂದು ಕೇಳುವ ರಾಜ್ಯವು ಹೇಗೆ ಬದುಕಿದ್ದಾನೆಂದು ಅದೇ ಕಾಗದದಲ್ಲಿ ಕೇಳುವುದಿಲ್ಲ. ಇಂತಹ ಮನೆಗೆ ಈಗ ಸಂಬಳದ ಆರೈಕೆಗಾರರು ಬರುತ್ತಾರೆ. ‘ಹೋಮ್ ನರ್ಸ್’ ಎಂಬ ಹೆಸರಿದ್ದರೂ ಎಲ್ಲರೂ ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿಯಾದ ದಾದಿಯರಲ್ಲ. ಅವರನ್ನು ಕಳುಹಿಸುವ ಏಜೆನ್ಸಿಯು ತನ್ನ ಕಚೇರಿಯನ್ನು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಂತೆ ನೋಂದಾಯಿಸಬೇಕು. ಆ ಕಾಯಿದೆಯ ಇನ್ಸ್‌ಪೆಕ್ಟರನು ಕೆಲಸದ ವೇಳೆಯನ್ನೂ ರಜೆಯನ್ನೂ ನೋಡುತ್ತಾನೆ. ಅವಳು ಯಾವ ಶೀಸೆಯಿಂದ ಎಷ್ಟು ಹನಿ ಔಷಧ ಕೊಟ್ಟಳೆಂಬುದು ಅಂಗಡಿಯ ವಿಷಯವಲ್ಲ. ಆರೈಕೆಗಾರಳ ಪಕ್ಷದಿಂದಲೂ ಇದನ್ನು ನೋಡಬೇಕು. ಹಗಲಿರುಳು ಒಬ್ಬಳೇ ದುಡಿಯುವ ಅವಳ ಶ್ರಮಕ್ಕೂ, ಅವಳ ಮೇಲೆ ಬರಬಹುದಾದ ಸುಳ್ಳು ಆರೋಪಕ್ಕೂ ಆ ಮನೆಯಲ್ಲಿ ಸಾಕ್ಷಿಯಿಲ್ಲ.

ಈ ಶೂನ್ಯವನ್ನು ತುಂಬಲು ಒಂದು ಪ್ರಯತ್ನ ನಡೆಯಿತು. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿಯ ಮಸೂದೆಯು ಮನೆಯಲ್ಲಿ ಆರೈಕೆ ಒದಗಿಸುವ ಸಂಸ್ಥೆಗಳೂ ನೋಂದಣಿಯಾಗಬೇಕು, ಅವುಗಳಿಗೆ ಕನಿಷ್ಠ ಮಟ್ಟವನ್ನು ಗೊತ್ತುಮಾಡಬೇಕು ಎಂದಿತು. 10,000 ರೂಪಾಯಿಯ ಮಿತಿಯನ್ನು ತೆಗೆದುಹಾಕಿತು. ಪ್ರತಿ ಪೊಲೀಸು ಠಾಣೆಯಲ್ಲಿ ವೃದ್ಧರಿಗಾಗಿ ಒಬ್ಬ ಅಧಿಕಾರಿಯನ್ನು ಗೊತ್ತುಮಾಡಲು ಹೇಳಿತು. ಮಸೂದೆಯು ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿಯ ವರದಿಯೂ ಬಂದಿತು. ಅಂಗೀಕಾರವಾಗುವ ಮುನ್ನವೇ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದುದರಿಂದ ಮಸೂದೆಯು ಬಿದ್ದುಹೋಯಿತು.

ಉಳಿದಿರುವುದು 2007ರ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಕಳುಹಿಸಿದ ಮಾದರಿ ನಿಯಮಗಳ ಒಂದು ಅಂಶ. ಪ್ರತಿ ಪೊಲೀಸು ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯ ನಾಗರಿಕರ, ವಿಶೇಷವಾಗಿ ಒಂಟಿಯಾಗಿರುವವರ, ಪಟ್ಟಿಯನ್ನು ಇಟ್ಟಿರಬೇಕು. ಠಾಣೆಯ ಪ್ರತಿನಿಧಿಯು ಸಾಧ್ಯವಾದಮಟ್ಟಿಗೆ ಸಮಾಜ ಸೇವಕನೊಬ್ಬನನ್ನು ಜೊತೆಗೆ ಕರೆದುಕೊಂಡು ತಿಂಗಳಿಗೊಮ್ಮೆಯಾದರೂ ಅವರನ್ನು ಭೇಟಿಯಾಗಬೇಕು. ಅವರು ಕೇಳಿಕೊಂಡರೆ ಮನೆಗೆಲಸದವರ ಪೂರ್ವಾಪರವನ್ನು ಪರಿಶೀಲಿಸಿ ಕೊಡಬೇಕು. ಇಡೀ ಶಾಸನ ಸಮೂಹದಲ್ಲಿ ದೂರಿಗಾಗಿ ಕಾಯದೆ ಮನೆಯ ಬಳಿಗೆ ಹೋಗಬೇಕೆಂದು ಹೇಳುವ ಮಾತು ಇದೊಂದೇ ಎಂದರೂ ತಪ್ಪಾಗಲಾರದು. ಆದರೆ ಇದರ ದೃಷ್ಟಿಯು ಕಳ್ಳತನದ ಮೇಲೆ, ಕೊಲೆಯ ಮೇಲೆ. ರಕ್ಷಣೆಯ ಮೇಲೆ, ಪೋಷಣೆಯ ಮೇಲಲ್ಲ. ಪೇದೆಯು ಜಗಲಿಯಿಂದ ಕೂಗಿ ಉತ್ತರ ಬಂದರೆ ಹಿಂದಿರುಗಬಹುದು. ಒಳಗೆ ಮಲಗಿರುವವರ ಕಾಲಿನ ಬಾವನ್ನು ಗುರುತಿಸುವ ಶಿಕ್ಷಣವು ಅವನಿಗಿಲ್ಲ. ಅದು ಇರುವುದು ಉಪಕೇಂದ್ರದ ಕಾರ್ಯಕರ್ತೆಗೆ. ಅವಳಿಗೆ ಪಟ್ಟಿಯಿಲ್ಲ, ಅವನಿಗೆ ವಿದ್ಯೆಯಿಲ್ಲ.

ಈ ಇಬ್ಬರ ಕೆಲಸವನ್ನು ಕೂಡಿಸಲು ಹೊಸ ಶಾಸನ ಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರುಗಳ ಕಡೆ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ ಯಾವ ತಿರುವಿನ ಮೇಲಿನ ಯಾವ ಮನೆಯಲ್ಲಿ ನಡೆಯಲಾರದವರಿದ್ದಾರೆಂಬುದು ಜೀವನ್ಮರಣದ ಪ್ರಶ್ನೆಯಾಗಿತ್ತು. ಅಂತಹ ಪಟ್ಟಿಯ ಒಂದು ಪ್ರತಿ ಠಾಣೆಯಲ್ಲಿ, ಒಂದು ಉಪಕೇಂದ್ರದಲ್ಲಿ, ಒಂದು ಗ್ರಾಮ ಪಂಚಾಯತಿಯಲ್ಲಿ ಇರುವಂತೆ ಜಿಲ್ಲಾಧಿಕಾರಿಯು ಆಜ್ಞೆ ಮಾಡಬಹುದು. ಪಟ್ಟಿಯಲ್ಲಿ ವೃದ್ಧನ ಹೆಸರಿನ ಎದುರಿಗೆ ಅವನೇ ಆರಿಸಿಕೊಂಡ, ಅವನ ಆಸ್ತಿಯಲ್ಲಿ ಪಾಲಿಲ್ಲದ, ಒಳಗೆ ಬರಲು ಅವನ ಒಪ್ಪಿಗೆಯಿರುವ ಒಬ್ಬ ನೆರೆಯವನ ಅಥವಾ ನೆಂಟನ ಹೆಸರಿಗೂ ಒಂದು ಅಂಕಣವಿರಲಿ. ಕೊಡಗಿನಲ್ಲಿ ಆ ಅಂಕಣಕ್ಕೆ ಶೀರ್ಷಿಕೆಯನ್ನು ಹೊಸದಾಗಿ ಹುಡುಕಬೇಕಾಗಿಲ್ಲ.